ರೂಪ್ಲಿಬಾಯಿಯ ರಾಗಕ್ಕೆ ನಾನು ಕೊಟ್ಟ ಮಾತು

ಕೋವಿಡ್ ವಾರ್ಡುಗಳು ಮತ್ತೆ ಸಾಮಾನ್ಯ ವಾರ್ಡುಗಳಾಗಿ ಎರಡು ವರ್ಷವಾಗಿತ್ತೇನೋ. ನಾನಾಗ ಹಾವೇರಿಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಪುನಶ್ಚೇತನ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಕೇಂದ್ರ ಎಂಬ ಮಾತು ಸ್ವಲ್ಪ ದೊಡ್ಡದಾಯಿತು. ಅದೊಂದು ಬಾಡಿಗೆ ಮನೆ. ಪಡಸಾಲೆಯಲ್ಲಿ ಫಿಸಿಯೋಥೆರಪಿ ನಡೆಯುತ್ತಿತ್ತು, ಹಿಂದಿನ ಅಡುಗೆಮನೆ ನನ್ನದು. ಒಲೆಕಟ್ಟೆಯನ್ನು ಒಡೆಯದೆ ಅದರ ಮೇಲೆಯೇ ನನ್ನ ಚಿತ್ರದ ಕಾರ್ಡುಗಳನ್ನು ಜೋಡಿಸಿಟ್ಟಿದ್ದೆ. ಪಾರ್ಶ್ವವಾಯು ಹೊಡೆದು ಮಾತು ಹೋದವರು, ಮಾತೇ ಬಾರದ ಮಕ್ಕಳು, ಉಗ್ಗುವವರು ಬರುತ್ತಿದ್ದರು. ಎಲ್ಲರೂ ನನ್ನನ್ನು ಮಾತಿನ ಡಾಕ್ಟರ್ ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ತಿದ್ದುವುದನ್ನು ಮೊದಲ ವರ್ಷದಲ್ಲೇ ಬಿಟ್ಟಿದ್ದೆ.

ಮೈಸೂರಿನಲ್ಲಿ ಓದುವಾಗ ನನಗೆ ಗಟ್ಟಿಯಾಗಿ ಹತ್ತಿದ ಪಾಠವೆಂದರೆ, ಅಳೆಯಲು ಬಾರದ್ದನ್ನು ಸುಲಭಕ್ಕೆ ನಂಬಬಾರದು ಎಂಬುದು. ಬಹುಶಃ ಅಗತ್ಯಕ್ಕಿಂತ ಹೆಚ್ಚಾಗಿಯೇ ಹತ್ತಿತು. ಹುಬ್ಬಳ್ಳಿಯಲ್ಲೊಂದು, ದಾವಣಗೆರೆಯಲ್ಲೊಂದು ಕೆಲಸ ಬಿಟ್ಟು, ಎಲ್ಲೂ ನಿಲ್ಲದ ಕಾಲು ಎಂದು ಮನೆಯವರಿಂದ ಅನ್ನಿಸಿಕೊಂಡು, ಕೊನೆಗೆ ಸ್ವಂತ ಊರಾದ ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ದಿನವೂ ಬಸ್ಸಿನಲ್ಲಿ ಹಾವೇರಿಗೆ ಓಡಾಡುತ್ತಿದ್ದೆ. ಈಗ ಈ ಕೇಸಿನ ಬಗ್ಗೆ ಬರೆಯಲು ಕುಳಿತಾಗ ಆ ಪಾಠ ನನ್ನ ಮೇಲೆಯೇ ತಿರುಗಿದೆ. ಇದರಲ್ಲಿ ಒಂದು ಕಡೆ ನನ್ನ ನೆನಪು ಹೇಳುವುದೇ ಬೇರೆ, ಅಲ್ಲಿದ್ದ ಇನ್ನೊಬ್ಬರು ಹೇಳುವುದೇ ಬೇರೆ. ಆ ಜಾಗ ಬಂದಾಗ ತಿಳಿಸುತ್ತೇನೆ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರಲು ಶುರುವಾದ ದಿನಗಳು. ಆ ಕಾಲದಲ್ಲಿ ಬ್ಯಾಡಗಿ ಕಡೆಯ ಬಸ್ಸು ಹತ್ತಿದವರೆಲ್ಲ ಸೀನುತ್ತ ಇಳಿಯುತ್ತಾರೆ. ಒಂದು ಬೆಳಿಗ್ಗೆ ಕೇಂದ್ರದ ಮುಂದೆ ಸಣ್ಣದೊಂದು ಗೂಡ್ಸ್ ಗಾಡಿ ನಿಂತಿತು. ಹಿಂದೆ ಖಾಲಿ ಗೋಣಿಚೀಲಗಳು, ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಮುದುಕಿ. ಓಡಿಸಿಕೊಂಡು ಬಂದವನು ಅವಳ ಮಗ ಥಾವರೆಪ್ಪ. ಕದರಮಂಡಲಗಿಯಿಂದ ಆಚೆಗಿನ ಒಂದು ಲಂಬಾಣಿ ತಾಂಡಾದವರು. ಅವನು ತಾಯಿಯನ್ನು ಎತ್ತಿಕೊಂಡೇ ಒಳಗೆ ಬಂದ. ಹಿಂದೆ ಒಂದು ಸ್ಟೀಲಿನ ಡಬ್ಬಿ, ನೀರಿನ ಬಾಟಲಿ ಹಿಡಿದು ಅವನ ಮಗಳು ಪೂಜಾ ಬಂದಳು. ಬಿ.ಎ. ಮುಗಿಸಿದ್ದ ಹುಡುಗಿ.

ಮುದುಕಿಯ ಹೆಸರು ರೂಪ್ಲಿಬಾಯಿ. ಎಡಗೈಯಲ್ಲಿ ಮಣಿಕಟ್ಟಿನಿಂದ ತೋಳಿನವರೆಗೆ ಬಿಳಿ ಬಳೆಗಳಿದ್ದವು. ಬಲಗೈ ಬರಿದು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಲು ಆ ಕೈಯ ಬಳೆಗಳನ್ನು ಕತ್ತರಿಸಿ ತೆಗೆದಿದ್ದರು. ಮದುವೆಯಾದಂದಿನಿಂದ ಬಿಸಿಲು ಕಾಣದ ಆ ತೋಳಿನ ಚರ್ಮ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿತ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿರಲಿಲ್ಲ.

"ಅವ್ವಾಗ ಎಲ್ಲಾ ತಿಳೀತೈತ್ರಿ ಡಾಕ್ಟರ್ರ. ಮಾತ ಅಷ್ಟ ಬರವಲ್ದು," ಎಂದ ಥಾವರೆಪ್ಪ.

ಅವನು ಹೇಳಿದ್ದು ಸರಿಯಾಗಿತ್ತು. ಮಿದುಳಿನ ಎಡಭಾಗಕ್ಕೆ ಪಾರ್ಶ್ವವಾಯುವಿನ ಪೆಟ್ಟು ಬಿದ್ದಾಗ ಹೀಗಾಗುವುದುಂಟು. ಕೇಳಿದ್ದು ಅರ್ಥವಾಗುತ್ತದೆ, ಹೇಳಬೇಕಾದ್ದು ಒಳಗೆ ಇರುತ್ತದೆ, ಬಾಯಿಗೆ ಬರುವುದಿಲ್ಲ. ನಮ್ಮಲ್ಲಿ ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ನಾನು ಹಸುವಿನ ಚಿತ್ರ ತೋರಿಸು ಎಂದರೆ ತೋರಿಸಿದಳು. ಕೊಡ ಎಂದರೆ ಕೊಡ. ಇದೇನು ಎಂದು ಕೇಳಿದರೆ "ತಾ... ತಾ..." ಎಂದು ತುಟಿ ಒದ್ದಾಡಿಸಿ, ಎಡಗೈಯಿಂದ ಸ್ವಂತ ತೊಡೆಗೆ ಹೊಡೆದುಕೊಂಡಳು. ಬಳೆಗಳು ಖಟಖಟ ಎಂದವು.

"ಮನ್ಯಾಗ ಯಾವ ಭಾಷಾ ಆಡ್ತೀರಿ?" ಎಂದು ಕೇಳಿದೆ.

"ನಾವು ಹಿರೇರು ನಮ್ಮ ಭಾಷಾರಿ. ಹುಡುಗ್ರು ಕನ್ನಡ."

"ಮತ್ತ ಅಜ್ಜಿ, ಹುಡುಗ್ರು ಕೂಡಿದಾಗ?"

ಇದಕ್ಕೆ ಪೂಜಾ ನಕ್ಕು ಉತ್ತರ ಕೊಟ್ಟಳು. "ಅಜ್ಜಿ ಲಂಬಾಣ್ಯಾಗ ಬೈತಿದ್ಲರಿ, ನಾವು ಕನ್ನಡದಾಗ ತಿರುಗಿ ಮಾತಾಡ್ತಿದ್ವಿ. ಇಬ್ಬರಿಗೂ ಪೂರಾ ತಿಳೀತಿತ್ತು."

ರೂಪ್ಲಿಬಾಯಿಯೂ ಒಂದು ಕಡೆಯ ತುಟಿಯಿಂದ ನಕ್ಕಳು.

ಲಂಬಾಣಿಗರು ತಮ್ಮನ್ನು ಗೋರ್ ಎಂದೂ ತಮ್ಮ ಮಾತನ್ನು ಗೋರಬೋಲಿ ಎಂದೂ ಕರೆದುಕೊಳ್ಳುತ್ತಾರೆ. ಅದಕ್ಕೆ ತನ್ನದೇ ಲಿಪಿ ಇಲ್ಲ. ನನ್ನ ಕಪಾಟಿನಲ್ಲಿದ್ದ ಪರೀಕ್ಷೆಗಳೆಲ್ಲ ಕನ್ನಡದವು. ರೂಪ್ಲಿಬಾಯಿಗೆ ಕನ್ನಡ ಬಂದದ್ದು ದೊಡ್ಡವಳಾದ ಮೇಲೆ, ಕೂಲಿಗೆ ಹೋದ ಹೊಲಗಳಲ್ಲಿ, ಮಾರುಕಟ್ಟೆಯಲ್ಲಿ. ಎರಡು ಭಾಷೆ ಆಡುತ್ತಿದ್ದವರ ಮಾತು ಹೋದಾಗ ಯಾವುದು ಮೊದಲು ಮರಳುತ್ತದೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಮೊದಲ ಕೆಲವು ತಿಂಗಳು ಮಾತ್ರ ಬಹಳ ಮುಖ್ಯ. ಆ ತಿಂಗಳುಗಳನ್ನು ಯಾವ ಭಾಷೆಗೆ ಖರ್ಚು ಮಾಡಬೇಕು ಎಂದು ಯಾರಾದರೂ ತೀರ್ಮಾನಿಸಬೇಕು.

ಥಾವರೆಪ್ಪನಿಗೆ ಗೊಂದಲವಿರಲಿಲ್ಲ. "ನೀರಡಿಸಿದ್ರ ನೀರು ಅನ್ನಬೇಕು, ಹೊರಗ ಹೋಗೂದಿದ್ರ ಹೇಳಬೇಕು. ನಾ ದಿನಾ ಮಾರ್ಕೆಟ್‌ನಾಗ ಇರ್ತೇನಿ. ಪೂಜಾನ ಅವ್ವ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೊಕ್ಕಾಳ. ಮನ್ಯಾಗ ಇರಾಕಿ ಪೂಜಾ. ಆಕಿ ಬಾಯಾಗ ಬರೂದು ಕನ್ನಡ. ಅದರಾಗ ಬಂದ್ರ ಸಾಕ್ರಿ."

ನನಗೂ ಅದು ಸರಿ ಅನಿಸಿತು. ಗೋರಬೋಲಿಯಲ್ಲಿ ನನಗೆ ತಿಳಿದಿದ್ದು ಯಾಡಿ ಎಂದರೆ ತಾಯಿ, ಪಾಣಿ ಎಂದರೆ ನೀರು, ಅಷ್ಟೇ. ಗೊತ್ತಿಲ್ಲದ ಭಾಷೆಯಲ್ಲಿ ಚಿಕಿತ್ಸೆ ಮಾಡುವೆನೆಂದು ಹೇಳುವುದು ಮೋಸ. ಕನ್ನಡದಲ್ಲಿ ಶುರುಮಾಡಿದೆ.

ಎರಡು ವಾರ ಏನೂ ಆಗಲಿಲ್ಲ. "ತಾ" ಎಂಬುದು "ತಾ" ಆಗಿಯೇ ಉಳಿಯಿತು. ಪೂಜಾ ಮಾತ್ರ ತಪ್ಪದೆ ಕರೆತರುತ್ತಿದ್ದಳು. ಒಮ್ಮೊಮ್ಮೆ ಅಪ್ಪನ ಗಾಡಿ, ಒಮ್ಮೊಮ್ಮೆ ಆಟೋ.

ಆಮೇಲೆ ಕಮಲಿಬಾಯಿ ಬಂದಳು. ರೂಪ್ಲಿಬಾಯಿಯ ಹಿರಿಯ ಮಗಳು, ಥಾವರೆಪ್ಪನ ಅಕ್ಕ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಕಡೆಯ ತಾಂಡಾಕ್ಕೆ ಕೊಟ್ಟಿದ್ದರು. ಅವಳ ಮನೆಯಲ್ಲೂ ಯಾರಿಗೋ ಆಪರೇಷನ್ ಆಗಿದ್ದರಿಂದ ತಾಯಿಯನ್ನು ನೋಡಲು ಬರಲಾಗಿರಲಿಲ್ಲ. ಎರಡು ಬಸ್ಸು ಬದಲಿಸಿ ಸೀದಾ ಕೇಂದ್ರಕ್ಕೇ ಬಂದಿದ್ದಳು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ತಾಯಿಯನ್ನು ಕಂಡದ್ದೇ ಚೀಲ ಕೆಳಗೆ ಹಾಕಿ, ಮೊಣಕಾಲೂರಿ, ಎರಡೂ ಕೈಯಿಂದ ಅವಳ ಕೊರಳು ತಬ್ಬಿ ಅಳತೊಡಗಿದಳು.

ಆ ಅಳುವಿಗೆ ರಾಗವಿತ್ತು. ಮೇಲೆ ಹೋಗಿ, ನಿಂತು, ಮೆಟ್ಟಿಲು ಇಳಿದಂತೆ ಇಳಿದು ಬರುವ ರಾಗ. ಲಂಬಾಣಿ ಹೆಂಗಸರು ಬಹಳ ದಿನದ ಮೇಲೆ ಭೇಟಿಯಾದಾಗ ಹೀಗೆ ತಬ್ಬಿ, ಸಂಬಂಧದ ಹೆಸರು ಹಿಡಿದು ಹಾಡುತ್ತ ಅಳುತ್ತಾರೆ ಎಂದು ಕೇಳಿದ್ದೆ, ಕಂಡಿರಲಿಲ್ಲ. ಫಿಸಿಯೋಥೆರಪಿಗೆ ಬಂದಿದ್ದ ಅಗಡಿಯ ಗೌಡರೊಬ್ಬರು ಕಾಲು ಎತ್ತಿದ್ದವರು ಎತ್ತಿದಂತೆಯೇ ಉಳಿದರು. ಆಗ ಎರಡನೆಯ ದನಿ ಸೇರಿತು. ರೂಪ್ಲಿಬಾಯಿಯದು. ಎರಡು ವಾರದಿಂದ 'ತಾ' ಬಿಟ್ಟು ಒಂದು ಅಕ್ಷರ ಆಡದಿದ್ದವಳು ಮಗಳ ಹೆಗಲ ಮೇಲೆ ಗಲ್ಲವಿಟ್ಟು ಆ ರಾಗವನ್ನು ಪೂರ್ತಿಯಾಗಿ, ಎಲ್ಲೂ ಮುರಿಯದೆ ಎತ್ತಿದಳು. ಮಗಳು ನಿಲ್ಲಿಸಿದ ಮೇಲೂ ಅವಳು ನಿಲ್ಲಿಸಲಿಲ್ಲ.

ನಾನು ಮುಂಚೆ ಹೇಳಿದ ಜಾಗ ಇದೇ. ನನ್ನ ನೆನಪಿನಲ್ಲಿ ಆ ರಾಗದೊಳಗೆ ಮಾತುಗಳಿರಲಿಲ್ಲ. ಆ, ಏ ಎಂಬ ಸ್ವರಗಳು, ನಡುವೆ ಉಸಿರು, ಅಷ್ಟೇ. ಮಾತುಗಳಿದ್ದವು ಎನ್ನುತ್ತಾಳೆ ಕಮಲಿಬಾಯಿ. ಪೂರ್ತಿ ಅಲ್ಲ, ಅರ್ಧರ್ಧ, ಗೋರಬೋಲಿಯ ಮಾತುಗಳು, ತನ್ನ ಹೆಸರೂ ಸೇರಿ. ಅವಳ ಮಾತು ನಿಜವಾದರೆ ಆ ದಿನ ರೂಪ್ಲಿಬಾಯಿಯ ಮಾತೃಭಾಷೆಗೆ ಒಂದು ಬಾಗಿಲು ತೆರೆದಿತ್ತು. ನಾನು ಕೇಳಿದ್ದು ನಿಜವಾದರೆ ಬರೀ ರಾಗ ಉಳಿದಿತ್ತು, ಅದಕ್ಕೆ ಯಾವ ಮಾತನ್ನಾದರೂ ತುಂಬಬಹುದಿತ್ತು. ನನಗೆ ಬಾರದ ಭಾಷೆಯಲ್ಲಿ ಮುರುಕು ಮಾತೂ ಬರೀ ದನಿಯೂ ಒಂದೇ ಥರ ಕೇಳಿಸುತ್ತವೆ. ನನ್ನ ನೆನಪು ಪ್ರತಿ ಸಲವೂ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಆ ಹೊತ್ತಿನಲ್ಲಿ ಈ ಅನುಮಾನವೇನೂ ಇರಲಿಲ್ಲ. ಖುಷಿಯಾಗಿತ್ತು. ಮಾತಿಗೆ ಎಡಮಿದುಳು ಮುಖ್ಯ. ಹಾಡಿಗೆ ಬಲಭಾಗದ ನೆರವೂ ಇರುತ್ತದೆ. ಮಾತು ಹೋದವರು ಕೆಲವೊಮ್ಮೆ ಹಾಡಬಲ್ಲರು. ಇದನ್ನೇ ಹಿಡಿದು ಮಾಡುವ ಒಂದು ಚಿಕಿತ್ಸೆಯಿದೆ, ಮೆಲೋಡಿಕ್ ಇಂಟೋನೇಶನ್ ಥೆರಪಿ. ದಿನಬಳಕೆಯ ಒಂದು ಸಣ್ಣ ವಾಕ್ಯವನ್ನು ರಾಗದಲ್ಲಿ ಕೂರಿಸುತ್ತೇವೆ. ಪೇಶೆಂಟಿನ ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕಿಸುತ್ತ ಜೊತೆಯಲ್ಲಿ ಹಾಡುತ್ತೇವೆ. ವಾಕ್ಯ ಹತ್ತಿದ ಮೇಲೆ ಕೊನೆಯ ಹಂತದಲ್ಲಿ ರಾಗವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಹಾಕುತ್ತೇವೆ. ಮಾತು ಉಳಿಯುತ್ತದೆ.

ಕಮಲಿಬಾಯಿ ಕಣ್ಣು ಒರೆಸಿಕೊಂಡು ನನ್ನ ಅಡುಗೆಮನೆಗೆ ಬಂದಾಗ ನಾನು ಇದನ್ನೆಲ್ಲ ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ಬೇರೆಯೇ ಇತ್ತು.

"ಸರ್ರ, ಪೂಜಾನ ಮದುವಿ ಮುಗದೈತ್ರಿ. ಸೀಜನ್ ಮುಗಿದ ಮ್ಯಾಗ, ಬ್ಯಾಸಗ್ಯಾಗ. ಅಷ್ಟರಾಗ ನಮ್ಮವ್ವಾಗ ಢಾವಲೋ ಎತ್ತಾಕ ಬರತೈತೇನ್ರಿ?"

ಮದುವಿ ಮುಗಿದಿದೆ ಎಂದರೆ ಇಲ್ಲಿ ನಿಶ್ಚಯವಾಗಿದೆ ಎಂದರ್ಥ. ಢಾವಲೋ ಎಂದರೇನೆಂದು ಅವಳೇ ವಿವರಿಸಿದಳು. ಮದುಮಗಳು ಗಂಡನ ಮನೆಗೆ ಹೊರಡುವ ಮುಂಚೆ ಒಬ್ಬೊಬ್ಬರ ಕೊರಳು ತಬ್ಬಿ ಹಾಡುತ್ತ ಅಳಬೇಕು. ತಾಯಿಗೆ, ತಂದೆಗೆ, ಅಣ್ಣನಿಗೆ, ನೀರು ಸೇದಿದ ಬಾವಿಗೆ, ತಾಂಡಾದ ಹಾದಿಗೆ, ಎಲ್ಲಕ್ಕೂ ಅದರಲ್ಲಿ ಮಾತಿದೆ. ಅದನ್ನು ಮದುವೆಗೆ ಮುಂಚೆ ತಿಂಗಳುಗಟ್ಟಲೆ ಹಿರಿಯ ಹೆಂಗಸು ಕೂಡಿಸಿಕೊಂಡು ಕಲಿಸಬೇಕು. ಆ ತಾಂಡಾದಲ್ಲಿ ಅದು ಪೂರ್ತಿ ಬರುತ್ತಿದ್ದದ್ದು ರೂಪ್ಲಿಬಾಯಿ ಒಬ್ಬಳಿಗೆ. ಸಂಕ್ರಾಂತಿಯಿಂದ ಪೂಜಾಳನ್ನು ಕೂಡಿಸಿಕೊಳ್ಳುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆಯೇ ಪೆಟ್ಟು ಬಿತ್ತು.

"ನೀವ ಕಲಿಸಬಹುದಲ್ರಿ?" ಎಂದೆ.

"ನನಗ ದನಿ ಕೂಡಸಾಕ ಬರತೈತಿ. ಎತ್ತಾಕ ಬರಂಗಿಲ್ಲ. ಮತ್ತ ನಾ ಕೊಟ್ಟ ಹೆಣ್ಣು. ಈ ತಾಂಡಾದಾಗ ನಾ ಎತ್ತಬಾರದು. ಅವ್ವ ಎತ್ತಿದ್ರ ನಾ ಹಿಂದ."

"ಹಂಗಾರ ಚಲೋ ಆತು. ಇದ ರಾಗದಾಗ ಮಾತು ಕಲಿಸೋಣು. ಬಂದಾಗೊಮ್ಮೆ ಇಲ್ಲಿ ಕುಂತು..."

"ಇಲ್ಲಿ ಕುಂತು? ಕೊರಳ ಹಿಡೀಲಾರದ?" ಅವಳು ನನ್ನ ಮೇಜನ್ನೂ ಒಲೆಕಟ್ಟೆಯನ್ನೂ ನೋಡಿದಳು. "ಒಬ್ಬಾಕಿನ ಕುಂತು ಆ ರಾಗ ತಗೀಬಾರದ್ರಿ. ತಬ್ಬಾಕ ಕೊರಳ ಬೇಕು. ಕೊರಳಿಲ್ಲದ ತಗದ್ರ ಅದು ಸತ್ತೋರಿಗೆ."

"ಪೂಜಾ ಬಾಜೂಕ ಇರ್ತಾಳಲ್ರಿ. ಇದು ಅಳೂದಲ್ಲ, ಔಷಧ."

"ಆತು, ಔಷಧ. ಯಾವ ಭಾಷಾದಾಗ ಕೊಡ್ತೀರಿ?"

ಕನ್ನಡ ಎಂದೆ. ಎರಡೂ ಕೊಡಿ ಎಂದಳು. ತಾನೇ ಬಂದು ಕೂರುವುದಾಗಿಯೂ, ಗೋರಬೋಲಿಯ ಮಾತು ತಾನು ಹೇಳಿಕೊಡುವುದಾಗಿಯೂ ಹೇಳಿದಳು. ಅಷ್ಟರಲ್ಲಿ ಗಾಡಿ ನಿಲ್ಲಿಸಿ ಒಳಗೆ ಬಂದಿದ್ದ ಥಾವರೆಪ್ಪ ಬಾಗಿಲಲ್ಲೇ ಸಿಟ್ಟಾದ.

"ಅಕ್ಕಾ, ನೀ ಇವತ್ತ ಬರ್ತಿ, ನಾಳಿ ಹೊಕ್ಕಿ. ಆಕೀನ ಎತ್ತಿ ಹೊರಗ ಕೂಡ್ಸೋರು ನಾವು. ಹಾಸಿಗಿ ಒಗಿಯೋರು ನಾವು. ಆಕಿ 'ಹೊರಗ ಹೋಗಬೇಕು' ಅಂತ ಒಂದ ಮಾತು ಅಂದ್ರ ಪೂಜಾನ ಅರ್ಧಾ ಕೆಲಸಾ ಉಳೀತೈತಿ. ನಿನಗ ಹಾಡ ಬೇಕಾಗೇತೇನು?"

"ಹೇಲು ಉಚ್ಚಿ ಸನ್ನೀ ಮಾಡಿ ತೋರಸ್ತಾಳೋ ತಮ್ಮಾ," ಎಂದಳು ಕಮಲಿಬಾಯಿ. "ಢಾವಲೋ ಸನ್ನೀ ಮಾಡಾಕ ಬರೂದಿಲ್ಲ."

ರೂಪ್ಲಿಬಾಯಿ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ. ಹೂಂ ಅಥವಾ ಊಹೂಂ ಎಂದು ತಲೆಯಾಡಿಸಲು ಅವಳಿಗೆ ಬರುತ್ತಿತ್ತು.

ತೀರ್ಮಾನ ನಾನೇ ಹೇಳಿದೆ. ವಾರಕ್ಕೆ ಎರಡು ಸಲ ಮಾತ್ರ ಬರಲಾಗುವ ಪೇಶೆಂಟು. ಎರಡು ಭಾಷೆಯನ್ನು ಒಟ್ಟಿಗೆ ಹಿಡಿದರೆ ಎರಡೂ ಕೈತಪ್ಪಬಹುದು. ಮೊದಲು ಕನ್ನಡದ ಐದಾರು ವಾಕ್ಯ ಗಟ್ಟಿಯಾಗಲಿ. ಆಮೇಲೆ ಉಳಿದದ್ದು ನೋಡೋಣ. ಆ ದಿನ ನನ್ನ ಕೈಯಲ್ಲಿದ್ದ ಮಾಹಿತಿಗೆ ಇದು ಒಪ್ಪುವ ತೀರ್ಮಾನವೇ ಆಗಿತ್ತು. ಕಮಲಿಬಾಯಿ ಚೀಲ ಎತ್ತಿಕೊಂಡು ತಾಯಿಯ ಕೆನ್ನೆ ಮುಟ್ಟಿ ಹೊರಟಳು. ಆಮೇಲೆ ಆ ಬೇಸಿಗೆಯವರೆಗೆ ಕೇಂದ್ರಕ್ಕೆ ಬರಲಿಲ್ಲ.

ಚಿಕಿತ್ಸೆ ಕೆಲಸ ಮಾಡಿತು. ಬೇರೆ ಯಾವ ಸುಲಭದ ರಾಗ ಹಾಡಿದರೂ ರೂಪ್ಲಿಬಾಯಿ ಹಿಂದೆ ಬರುತ್ತಿರಲಿಲ್ಲ. ಅವಳದೇ ರಾಗದ ಇಳಿಯುವ ತುಂಡಿಗೆ 'ನೀರು ಬೇಕು' ಎಂದು ಕೂರಿಸಿದೆ. ಅದು ಎಷ್ಟು ಸರಿಯಾಗಿ ಕೂತಿತೆಂದರೆ ನನಗೇ ಆಶ್ಚರ್ಯವಾಯಿತು. ಅವಳ ಎಡಗೈಯನ್ನು ನನ್ನ ಕೈಯಿಂದ ಹಿಡಿದು ಮೇಜಿನ ಮೇಲೆ ಬಡಿಸುತ್ತಿದ್ದೆ. ಬಳೆಗಳೇ ತಾಳವಾದವು. ಖಟ್, ಖಟ್, ಖಟ್, ಖಟ್. ನೀ-ರು ಬೇ-ಕು. ಮೂರನೆಯ ವಾರದಲ್ಲಿ ನಾನು ಹಾಡುವುದನ್ನು ನಡುವೆ ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ. 'ಬೇಕು' ಎಂಬುದು ಅವಳದೇ ಬಾಯಿಂದ, ಸ್ಪಷ್ಟವಾಗಿ ಬಂತು.

ಪೂಜಾ ಕೂಗಿಕೊಂಡಳು. "ಅಜ್ಜೀ! ಇನ್ನೊಮ್ಮೆ ಅನ್ನು!"

ಮನೆಯಲ್ಲಿ ದಿನವೂ ರೂಢಿ ಮಾಡಿಸುವ ಕೆಲಸ ಪೂಜಾಳದು. ಆಡಿದ ಮಾತಿಗೆ ಉತ್ತರ ಸಿಕ್ಕರೆ ಅದು ಬೇಗ ಹತ್ತುತ್ತದೆ. ಆದ್ದರಿಂದ ಅಜ್ಜಿ 'ನೀರು ಬೇಕು' ಎಂದು ಹಾಡಿದಾಗ ಮೊಮ್ಮಗಳು ಅದೇ ರಾಗದಲ್ಲಿ 'ನೀರು ಕೊಡ್ತೇನಿ' ಎಂದು ಹಾಡಬೇಕೆಂದು ಹೇಳಿಕೊಟ್ಟೆ. 'ಹೊರಗ ಹೋಗಬೇಕು', 'ಕರಕೊಂಡು ಹೊಕ್ಕೇನಿ'. 'ಊಟ ಸಾಕು', 'ತಾಟು ತಗೀತೇನಿ'. ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ ರಾಗ ಬಾಯಿಗೆ ಬರುತ್ತದೆಂದು ನಗುತ್ತಿದ್ದಳು. ಥಾವರೆಪ್ಪ ಒಂದು ದಿನ ಒಳ್ಳೆಯ ಡಬ್ಬಿ ತಳಿಯ ಮೆಣಸಿನಕಾಯಿಯ ಚೀಲ ತಂದು ಒಲೆಕಟ್ಟೆಯ ಮೇಲಿಟ್ಟ. "ನಿನ್ನೆ ಅವ್ವ ತಾನ ಹೊರಗ ಹೋಗಬೇಕಂದ್ಲರಿ," ಎಂದ. ನನ್ನ ಶೀಟಿನಲ್ಲಿ ಅಂಕಗಳು ಏರುತ್ತಿದ್ದವು. ಇಷ್ಟು ಒಳ್ಳೆಯ ಕೇಸು ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಮದುವೆಗೆ ಮುಂಚಿನ ಕೊನೆಯ ಭೇಟಿಯಲ್ಲಿ, ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿ ಬಂದು ಪೂಜಾ ಕೇಳಿದಳು. "ಸರ್, ಮದುವಿ ದಿವಸ ಅಜ್ಜಿ ಢಾವಲೋ ಎತ್ತತಾಳೇನು ಅಂತ ಅತ್ತಿ ಫೋನ್ ಮಾಡಿದ್ರು. ಏನಂತ ಹೇಳ್ಲಿ?"

ಅತ್ತೆ ಎಂದರೆ ಕಮಲಿಬಾಯಿ. "ರಾಗ ಅಂತೂ ಐತಿ. ಹಳೇ ಮಾತು ಬಂದ್ರೂ ಬರಬಹುದು. ಹಿಂಗ ಅಂತ ಹೇಳಾಕ ಬರೂದಿಲ್ಲ," ಎಂದೆ. ನನ್ನ ವೃತ್ತಿಯಲ್ಲಿ ಇದು ಪ್ರಾಮಾಣಿಕ ಉತ್ತರವೆಂದು ಎಣಿಕೆ.

"ನನಗರ ಒಂದ ಸಾಲೂ ಗೊತ್ತಿಲ್ರಿ. ಗೆಳತ್ಯಾರು ಮೊಬೈಲ್‌ನಾಗ ನೋಡಿ ಕಲಿ ಅಂತಾರ. ನೋಡಿದೆ. ಅದು ಬ್ಯಾರೆ ಕಡೆಯವರದ್ರಿ, ಅವರ ಬಾವಿ, ಅವರ ಅಣ್ಣ. ಮೊದಲೆಲ್ಲ ನನಗ ನಾಚಿಕಿ ಆಕ್ಕಿತ್ತು, ಇದನ್ನ ನಾ ಮಾಡಂಗಿಲ್ಲ ಅಂತಿದ್ದೆ. ಈಗ ಬರಂಗಿಲ್ಲಂದ ಕೂಡ್ಲೆ ಬೇಕನಸಾಕತ್ತೈತಿ."

ಮದುವೆಗೆ ಥಾವರೆಪ್ಪ ಕರೆದಿದ್ದ, ಹೋದೆ. ತಾಂಡಾದ ನಡುವೆ ಸೇವಾಲಾಲರ ಗುಡಿಯ ಮುಂದೆ ಪೆಂಡಾಲು, ಪಕ್ಕದಲ್ಲಿ ಆಳೆತ್ತರದ ಡಿಜೆ ಬಾಕ್ಸುಗಳು. ಊಟ ಮುಗಿದು ಬಿಸಿಲು ಇಳಿಯತೊಡಗಿದಾಗ, ಹೆಣ್ಣನ್ನು ಕಳಿಸುವ ಹೊತ್ತಾಯಿತೆಂದು ಹಿರಿಯರು ಡಿಜೆ ನಿಲ್ಲಿಸಿದರು. ಮನೆಯ ಮುಂದೆ ರೂಪ್ಲಿಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕನ್ನಡಿ ಹೊಲಿದ ಹಳೆಯ ಕುಪ್ಪಸ ತೊಡಿಸಿದ್ದರು. ಹಿಂದೆ ಕಮಲಿಬಾಯಿ ನಿಂತಿದ್ದಳು. ತಾಂಡಾದ ಹೆಂಗಸರೆಲ್ಲ ಸುತ್ತ ಸೇರಿದರು. ಗಂಡಿನ ಕಡೆಯವರು ಜೀಪಿನ ಹತ್ತಿರ. ಗಂಡಸರು ದೂರ ನಿಲ್ಲಬೇಕೆಂದು ಹೇಳಿದ್ದರಿಂದ ನಾನು ಎದುರು ಮನೆಯ ಕಟ್ಟೆಗೆ ಸರಿದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಪೂಜಾ ಬಂದು ಮೊಣಕಾಲೂರಿ ಅಜ್ಜಿಯ ಕೊರಳು ತಬ್ಬಿದಳು. ಯಾರೋ ಮಕ್ಕಳನ್ನು ಸುಮ್ಮನಿರಿಸಿದರು. ರೂಪ್ಲಿಬಾಯಿ ಉಸಿರೆಳೆದುಕೊಂಡಳು. ಕಮಲಿಬಾಯಿ ತಾನು ದನಿ ಕೂಡಿಸಲು ಬಾಯಿ ತೆರೆದು ಕಾದಿದ್ದಳು.

ರಾಗ ಬಂತು. ಅಂದು ಪಡಸಾಲೆಯಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿ, ಮೇಲೆ ಹೋಗಿ, ನಿಂತು, ಇಳಿಯತೊಡಗಿತು. ರೂಪ್ಲಿಬಾಯಿಯ ಎಡಗೈ ಮೊಮ್ಮಗಳ ಬೆನ್ನ ಮೇಲೆ ಬಡಿಯತೊಡಗಿತು. ಬಳೆಗಳು ಖಟ್, ಖಟ್ ಎಂದವು. ಆ ತಾಳ ಢಾವಲೋದ್ದಲ್ಲ. ಅದು ನನ್ನ ಮೇಜಿನದು. ರಾಗದ ಜೊತೆ ಇಳಿದುಬಂದ ಮಾತು ಕೂಡ ನನ್ನದೇ. ನೀರು ಬೇಕು. ನೀರು ಬೇಕು.

ಸುತ್ತಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ರೂಪ್ಲಿಬಾಯಿಗೆ ತನ್ನ ಬಾಯಿಂದ ಬಂದದ್ದು ಕೇಳಿಸಿತು. ಅವಳ ಕಣ್ಣು ಅಗಲವಾದವು. ತಲೆ ಅಲ್ಲಾಡಿಸಿ ಮತ್ತೆ ಮೊದಲಿಂದ ರಾಗ ಎತ್ತಿದಳು. ಮತ್ತೆ ಅದೇ. ಹೊರಗ ಹೋಗಬೇಕು. ಊಟ ಸಾಕು. ಅವಳು ಮಾತನ್ನು ಹುಡುಕುತ್ತ ಒಂದೊಂದೇ ಬಾಗಿಲು ತಟ್ಟುತ್ತಿದ್ದಳು. ಎಲ್ಲ ಬಾಗಿಲಲ್ಲೂ ನಾನು ಇಟ್ಟ ವಾಕ್ಯಗಳೇ ಇದ್ದವು. ಹಾಡಿನ ನಡುವೆ ಅಜ್ಜಿ ಒದ್ದಾಡುವುದನ್ನು ತಡೆಯಲಾರದೆ ಪೂಜಾ ತನಗೆ ಬರುತ್ತಿದ್ದ ಒಂದೇ ಒಂದು ಉತ್ತರ ಕೊಟ್ಟಳು. ಅದೇ ರಾಗದಲ್ಲಿ, ಅಳುತ್ತ. ನೀರು ಕೊಡ್ತೇನಿ ಅಜ್ಜಿ. ಕರಕೊಂಡು ಹೊಕ್ಕೇನಿ.

ಜೀಪಿನ ಕಡೆಯಿಂದ ಯಾರೋ ಫಕ್ಕನೆ ನಕ್ಕು ತಕ್ಷಣ ನಿಲ್ಲಿಸಿದರು. ಗಂಡಿನ ಕಡೆಯ ಹೆಂಗಸೊಬ್ಬಳು, ಒಳ್ಳೆಯ ಮನಸ್ಸಿನವಳು, ನೀರಿನ ಬಾಟಲಿ ಹಿಡಿದು ಓಡಿ ಬಂದು ಮುಚ್ಚಳ ತೆಗೆದು ಮುದುಕಿಯ ಬಾಯಿಗೆ ಹಿಡಿದಳು. ರೂಪ್ಲಿಬಾಯಿ ಅದನ್ನು ಎಡಗೈಯಿಂದ ತಳ್ಳಿದಳು. ನೀರು ಕುಪ್ಪಸದ ಮೇಲೆ ಚೆಲ್ಲಿತು. ಆಮೇಲೆ ಅವಳು ರಾಗ ಬಿಟ್ಟು ಬರೀ ಅತ್ತಳು. ಹುಡುಗಿಯನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದರು. ಡಿಜೆಯವನು, ಮುಗಿಯಿತೆಂದುಕೊಂಡು, ಮತ್ತೆ ಹಚ್ಚಿದ.

ನಾನು ಹೊರಡುವಾಗ ಕಮಲಿಬಾಯಿ ಎದುರಾದಳು. ದನಿ ಏರಿಸಲಿಲ್ಲ. "ಚಲೋ ಕಲಿಸೀರಿ ಸರ್ರ. ಒಂದ ಅಕ್ಷರಾ ತಪ್ಪಲಿಲ್ಲ ನೋಡ್ರಿ," ಎಂದಳು.

ರೂಪ್ಲಿಬಾಯಿಯನ್ನು ಅದಾದ ಮೇಲೆ ಒಂದು ಸಲ ಕರೆತಂದರು. ರಾಗವನ್ನು ತೆಗೆದುಹಾಕುವ ಕೊನೆಯ ಹಂತ ಇನ್ನೂ ಬಾಕಿ ಇತ್ತು. ನಾನು ಅವಳ ಎಡಗೈಯನ್ನು ಹಿಡಿದು ಮೇಜಿನ ಮೇಲಿಟ್ಟೆ. ಅವಳು ನನ್ನ ಕೈಯ ಕೆಳಗಿನಿಂದ ತನ್ನ ಕೈ ಬಿಡಿಸಿಕೊಂಡು, ಅದನ್ನು ನನ್ನ ಕೈ ಮೇಲಿಟ್ಟು, ಒತ್ತಿ ಹಿಡಿದಳು. ಬಳೆಗಳ ಸದ್ದಾಗಲಿಲ್ಲ. ಬಾಯಿ ತೆರೆಯಲಿಲ್ಲ. ಮನೆಯಲ್ಲೂ ಈಗ ನೀರು ಕೇಳುವುದಿಲ್ಲ, ಸನ್ನೆ ಮಾಡುತ್ತಾಳೆ ಎಂದ ಥಾವರೆಪ್ಪ. ಆಮೇಲೆ ಅವರು ಬರಲಿಲ್ಲ.

ಮಳೆಗಾಲ ಕಳೆಯುವಾಗ ಪೂಜಾ ಗಂಡನ ಮನೆಯಿಂದ ಫೋನ್ ಮಾಡಿದಳು. ಎರಡನೆಯ ಪೆಟ್ಟು ಬಿದ್ದು ಅಜ್ಜಿ ತೀರಿಕೊಂಡು ವಾರವಾಗಿತ್ತು. ಮಣ್ಣಿಗೆ ತಾಂಡಾದ ಹೆಂಗಸರೆಲ್ಲ ಬಂದಿದ್ದರೇ, ಹಾಡಿ ಅತ್ತರೇ ಎಂದು ಕೇಳಿದೆ.

"ಕಮಲಿ ಅತ್ತಿ ಬಾಯಿ ತಗದ್ಲರಿ. ಆ ರಾಗ ಎತ್ತಿದ್ರ 'ನೀರು ಬೇಕು' ಅಂತನ ಬರತಿತ್ತು ನೋಡ್ರಿ, ತಗದಾಕಿ ಹಂಗ ಮುಚ್ಚಿದ್ಲು. ನನ್ನ ಮುಖಾ ನೋಡಿದ್ಲು," ಎಂದಳು ಪೂಜಾ. "ಯಾರೂ ಎತ್ತಲಿಲ್ಲ. ಎಲ್ಲಾರೂ ಬರೇ ಅತ್ವಿ. ನಿಮ್ಮ ಮಂದಿ ಅಳ್ತಾರಲ್ರಿ, ಹಂಗ."

ಆ ಕೇಸಿನ ಅಂಕಗಳನ್ನು ಯಾರಿಗೆ ತೋರಿಸಿದರೂ ಅದು ಯಶಸ್ಸಿನ ಕೇಸೇ. ಥಾವರೆಪ್ಪ ಕೇಳಿದ್ದು ತಪ್ಪಲ್ಲ. ಹಾಸಿಗೆ ಒಗೆಯುವವರ ಕಷ್ಟ ಹಾಡಿಗಿಂತ ಸಣ್ಣದು ಎನ್ನಲು ನನಗೆ ಬಾಯಿಲ್ಲ. ಹಾಗೆಂದು ಕಮಲಿಬಾಯಿ ಹೇಳಿದ್ದನ್ನೂ ನಾನು ಅಳೆಯಲಾರೆ. ಮೊದಲ ದಿನ ಆ ರಾಗದೊಳಗೆ ಮಾತುಗಳಿದ್ದವೋ ಇಲ್ಲವೋ ಎಂದು ಈಗಲೂ ಬಸ್ಸಿನಲ್ಲಿ ಕುಳಿತು ನೆನಪನ್ನು ಕೆದಕುತ್ತೇನೆ. ಕೆದಕಿದಾಗೆಲ್ಲ ಆ ರಾಗ ಬರುತ್ತದೆ, ಇಳಿಯುವ ತುಂಡಿಗೆ ಬಂದಾಗ 'ನೀರು ಬೇಕು' ಎನ್ನುತ್ತದೆ. ಅವಳ ಮಿದುಳಿನಲ್ಲಿ ಅಳಿಸಿದ್ದನ್ನು ನಾನು ನನ್ನದರಲ್ಲೂ ಅಳಿಸಿಕೊಂಡಿದ್ದೇನೆ.

ಮಾತು ಮರಳಿಸುವ ಕೆಲಸದಲ್ಲಿ ಖಾಲಿ ಜಾಗ ಎಂಬುದು ಇಲ್ಲ ಎಂದು ಈ ಕೇಸು ನನಗೆ ಕಲಿಸಿತು. ಹೊಸದಾಗಿ ಇಡುವ ಪ್ರತಿಯೊಂದು ಮಾತೂ ಯಾವುದೋ ಹಳೆಯ ಮಾತು ಕೂರಬೇಕಾದ ಜಾಗದಲ್ಲೇ ಕೂರುತ್ತದೆ. ಆದ್ದರಿಂದ ಈಗ ಹೊಸ ಪೇಶೆಂಟು ಬಂದರೆ ಚಿತ್ರದ ಕಾರ್ಡು ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಇವರೊಬ್ಬರೇ ಆಡುತ್ತಿದ್ದ, ಮನೆಯಲ್ಲಿ ಬೇರೆ ಯಾರಿಗೂ ಬಾರದ ಮಾತು ಯಾವುದಿತ್ತು? ಮನೆಯವರು ಗಲಿಬಿಲಿಗೊಳ್ಳುತ್ತಾರೆ. ಅದೆಲ್ಲ ಯಾಕ್ರಿ, ನೀರು ಕೇಳಿದರೆ ಸಾಕು ಎನ್ನುತ್ತಾರೆ. ನಾನು ಆಗ ಪೇಶೆಂಟಿನ ಕಡೆ ತಿರುಗಿ ಅಂಥ ಮಾತು ಇತ್ತೇ, ಅದೇ ಮೊದಲು ಬೇಕೇ ಎಂದು ಅವರನ್ನೇ ಕೇಳಿ, ತಲೆಯಾಡಿಸಲಿ ಎಂದು ಕಾಯುತ್ತೇನೆ. ಕಾಯುವಷ್ಟು ಹೊತ್ತೂ ನನ್ನ ಕೈಗಳನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿರುತ್ತೇನೆ.